ನಮ್ಮ ಮನೆಯ ಮಾರಿಯೋ ಈಗ ಯಾಕೆ ಇಷ್ಟು ಜೋರಾಗಿ ಓಡುತ್ತಾನೆ?

ತಿಪಟೂರಿನವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ಭಾನುವಾರದಿಂದ ನಮ್ಮ ಮನೆಯಲ್ಲಿ ಇದೇ ಮಾತು.

ನಮ್ಮಣ್ಣನ ಮಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೇ ಟಿವಿ ಗೇಮ್ ಸೆಟ್ಟಿನ ಹಾಗೇ ನಡೆದುಕೊಳ್ಳುವ ಪ್ರೋಗ್ರಾಂ) ಹಾಕಿ, ಅದನ್ನು ದೊಡ್ಡ ಟಿವಿಗೆ ಜೋಡಿಸಿ, "ಅತ್ತೆ, ನಿಮ್ಮ ಕಾಲದ ಆಟ ಆಡಿ ನೋಡಿ" ಅಂತ ಸೂಪರ್ ಮಾರಿಯೋ ಬ್ರದರ್ಸ್ ಹಾಕಿಕೊಟ್ಟ. ಹಳೇ ಕಾಲದ್ದರ ಹಾಗೇ ಎ, ಬಿ ಬಟನ್ ಇರುವ ಯುಎಸ್‌ಬಿ ಜಾಯ್‌ಸ್ಟಿಕ್ ಕೂಡ ತಂದಿದ್ದ. ನನಗೆ ಖುಷಿಯೋ ಖುಷಿ. ಅದೇ ಇಟ್ಟಿಗೆ, ಅದೇ ಪ್ರಶ್ನೆ ಚಿಹ್ನೆಯ ಡಬ್ಬಿ, ಅದೇ ಹಸಿರು ಪೈಪು. ಆದರೆ ಆಡೋಕೆ ಕೂತರೆ ಏನೋ ಸರಿಯಿಲ್ಲ. ಗುಂಡಿಯ ಅಂಚಿಗೆ ಬಂದಾಗ ಯಾವ ಕ್ಷಣಕ್ಕೆ ಎ ಒತ್ತಬೇಕು ಅನ್ನೋದು ನನ್ನ ಹೆಬ್ಬೆರಳಿಗೆ ಇನ್ನೂ ನೆನಪಿದೆ. ಆ ಕ್ಷಣಕ್ಕೇ ಒತ್ತುತ್ತೇನೆ. ಮಾರಿಯೋ ಅಷ್ಟರಲ್ಲಿ ಗುಂಡಿಯೊಳಗೆ ಇರುತ್ತಾನೆ! "ಅತ್ತೆ, ನಿಮಗೆ ವಯಸ್ಸಾಯ್ತು" ಅಂತ ಹುಡುಗ ನಗುತ್ತಾನೆ.

ಅವನ ಮಾತನ್ನು ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು: "ಅದ್ಯಾಕೆ ಹಂಗೆ ಅವಸರದಲ್ಲಿ ಬಡ್ಕೊಳ್ತಿದೆ ಅದು? ನಮ್ದು ಹಿಂಗಿರಲಿಲ್ಲ." ಅಮ್ಮನಿಗೆ ಟಿವಿ ಕಾಣುತ್ತಿರಲಿಲ್ಲ. ಬರೀ ಮ್ಯೂಸಿಕ್ ಕೇಳಿ ಹೇಳಿದ್ದು.

ಅಮ್ಮನ ಮಾತಿಗೆ ಯಾಕೆ ಬೆಲೆ ಕೊಡುತ್ತಿದ್ದೇನೆ ಅಂದರೆ, ನಮ್ಮ ಮನೆಯಲ್ಲಿ ಮಾರಿಯೋ ಚೆನ್ನಾಗಿ ಆಡುತ್ತಿದ್ದವಳು ಅವಳೇ. ಕೊಬ್ಬರಿ ರೇಟು ಚೆನ್ನಾಗಿದ್ದ ಒಂದು ವರ್ಷ ಅಪ್ಪ ಬೆಂಗಳೂರಿಗೆ ಹೋದವರು ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಿಂದ ಟಿವಿ ಗೇಮ್ ತಂದಿದ್ದರು. ಬೂದು ಬಣ್ಣದ ಸೆಟ್, ಎರಡು ಜಾಯ್‌ಸ್ಟಿಕ್, ಒಂದು ಗನ್, ಜೊತೆಗೆ ಹಳದಿ ಕ್ಯಾಸೆಟ್. ಸಂಜೆ ಒಂದು ಗಂಟೆ ಮಾತ್ರ ಆಟ, ಜಾಸ್ತಿ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತೆ ಅನ್ನೋದು ಅಪ್ಪನ ಕಾನೂನು. ಅಣ್ಣ ರಾತ್ರಿ ಕಾಂಟ್ರಾ ಅನ್ನುವ ಆಟದ ಕ್ಯಾಸೆಟ್ ಹಾಕಿ ಬಿಟ್ಟಿರುತ್ತಿದ್ದ. ಮರುದಿನ ಸ್ಕೂಲಿನಿಂದ ಬಂದು ನೋಡಿದರೆ ಒಳಗೆ ಮಾರಿಯೋ ಇರುತ್ತಿತ್ತು. ಬಹಳ ದಿನ ನಾವಿಬ್ಬರೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಜಗಳವಾಡಿದೆವು. ಒಂದಿನ ಅಣ್ಣ ಎರಡನೇ ಹಂತದಲ್ಲಿ, ಆ ನೆಲದ ಕೆಳಗಿನ ನೀಲಿ ಜಾಗದಲ್ಲಿ ಒದ್ದಾಡುತ್ತಿದ್ದಾಗ ಅಮ್ಮ ಬಟ್ಟೆ ಮಡಚುತ್ತಾ ಹೇಳಿದಳು: "ಮೇಲಿನ ಇಟ್ಟಿಗೆ ಮೇಲೆ ಹತ್ತಿ ಓಡೋ. ಕೊನೇಲಿ ಮೂರು ಪೈಪ್ ಸಿಗ್ತವೆ. ನಾಲ್ಕನೇ ಮನೆಗೇ ಹೋಗಬಹುದು." ಮಧ್ಯಾಹ್ನದ ಗುಟ್ಟು ಅವತ್ತು ಬಯಲಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಎಮ್ಯುಲೇಟರ್‌ನಲ್ಲಿ ಆಟ ನಿಜವಾಗಲೂ ಜೋರಾಗಿ ಓಡುತ್ತದಾ? ಅಥವಾ ನಮ್ಮಿಬ್ಬರ ನೆನಪೇ ನಿಧಾನವಾಗಿದೆಯಾ? ತಿಳಿದವರು ಹೇಳಿ.

ಒಂಟಿಕೊಪ್ಪಲ್_ಕಾಫಿ:

ಮೊದಲು ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದೆಯಾ ನೋಡಿ, ಆನ್ ಮಾಡಿ. ಈಗಿನ ಟಿವಿಗಳು ಬಂದ ಚಿತ್ರವನ್ನು ಚಂದ ಮಾಡಿ ತೋರಿಸೋಕೆ ಸ್ವಲ್ಪ ಸಮಯ ತೆಗೆದುಕೊಳ್ಳುತ್ತವೆ. ಕೆಲವು ಟಿವಿಗಳಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗುತ್ತದೆ. ಸಿನಿಮಾ ನೋಡುವಾಗ ಗೊತ್ತಾಗಲ್ಲ. ಮಾರಿಯೋ ಪೂರ್ತಿ ಜೋರಾಗಿ ಓಡುವಾಗ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಒಂದು ಇಟ್ಟಿಗೆಯ ಅಗಲ ಮುಂದೆ ಹೋಗಿರುತ್ತಾನೆ. ನೀವು ನೋಡುತ್ತಿರುವ ಮಾರಿಯೋ ಅಂಚಿನಲ್ಲಿ ಇದ್ದಾನೆ, ಆಟದೊಳಗಿನ ಮಾರಿಯೋ ಆಗಲೇ ಬಿದ್ದಿದ್ದಾನೆ. ನನ್ನ ತಮ್ಮನ ಮನೆಯಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂತು.

ಆದರೆ ಮ್ಯೂಸಿಕ್ಕಿನ ವೇಗ ಯಾಕೆ ಹೆಚ್ಚಾಯಿತು ಅನ್ನೋದಕ್ಕೆ ಇದು ಉತ್ತರ ಅಲ್ಲ. ಅದು ನನಗೂ ಕುತೂಹಲ.

ಬೆಸುಗೆ_ಭಟ್ಟ, ಶಿರಸಿ:

ತಂಗೀ, ನಿನ್ನ ಅಮ್ಮನ ಕಿವಿಗೆ ನೂರಕ್ಕೆ ನೂರು. ನಿನ್ನ ಹೆಬ್ಬೆರಳಿಗೂ ಅಷ್ಟೇ. ನೀವು ಆಗ ಆಡಿದ ಮಾರಿಯೋ ನಿಜವಾಗಲೂ ನಿಧಾನ ಇದ್ದ. ಇದನ್ನು ಲೆಕ್ಕ ಹಾಕಿ ತೋರಿಸಬಹುದು.

ನಾನು ಶಿರಸಿಯಲ್ಲಿ ಟಿವಿ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ಬೇಸಿಗೆ ರಜೆ ಬಂದರೆ ಟೇಬಲ್ ತುಂಬಾ ಇಂಥ ಸೆಟ್‌ಗಳೇ. ಸುಟ್ಟ ಅಡಾಪ್ಟರ್, ಬುಡದಲ್ಲಿ ತುಂಡಾದ ಜಾಯ್‌ಸ್ಟಿಕ್ ವೈರ್, ಕಾರ್ಬನ್ ಸವೆದ ಬಟನ್ ರಬ್ಬರ್. ಬಿ ಬಟನ್ನಿನ ರಬ್ಬರೇ ಮೊದಲು ಸವೆಯುತ್ತಿತ್ತು, ಯಾಕೆಂದರೆ ಓಡೋಕೂ ಅದೇ, ಗುಂಡು ಹಾರಿಸೋಕೂ ಅದೇ. ಹುಡುಗರು ಬಾಗಿಲಲ್ಲಿ ನಿಂತು "ಭಟ್ರೇ, ಇವತ್ತೇ ಆಗುತ್ತಾ?" ಅಂತ ಕೇಳುವಾಗ ಅವರ ಮುಖ ನೋಡಬೇಕಿತ್ತು. ನಾನು ಬಹುಪಾಲು ಅವತ್ತೇ ಮಾಡಿಕೊಡುತ್ತಿದ್ದೆ. ಟಿವಿಗಳು ಕಾಯುತ್ತಿದ್ದವು, ಹುಡುಗರ ಸೆಟ್ ಕಾಯುವಂತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ಸೆಟ್‌ಗಳ ಮೂಲ ನಿಂಟೆಂಡೊ ಕಂಪನಿಯ ಫ್ಯಾಮಿಲಿ ಕಂಪ್ಯೂಟರ್. ಜಪಾನಿನಲ್ಲಿ 1983ರ ಜುಲೈ 15ರಂದು ಬಂತು. ಮಾರಿಯೋ ಆಟ ಬಂದದ್ದು 1985ರ ಸೆಪ್ಟೆಂಬರ್ 13ರಂದು. ಆ ಕಾಲದಲ್ಲಿ ಜಪಾನ್ ಮತ್ತು ಅಮೆರಿಕದ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, ಸೆಕೆಂಡಿಗೆ 60 ಸಲ ಪರದೆಯನ್ನು ಬರೆಯುತ್ತಿತ್ತು. ನಮ್ಮಲ್ಲಿ ಪಾಲ್ ಪದ್ಧತಿ, 50 ಸಲ. ನಮ್ಮ ಮನೆಯ ಕರೆಂಟೂ 50 ಹರ್ಟ್ಜ್, ಟಿವಿಯೂ 50.

ಆ ಕಾಲದ ಆಟಗಳು ಗಡಿಯಾರ ನೋಡುತ್ತಿರಲಿಲ್ಲ, ಪರದೆಯನ್ನು ಎಣಿಸುತ್ತಿದ್ದವು. ಒಂದು ಸಲ ಪರದೆ ಬರೆದರೆ ಮಾರಿಯೋ ಇಷ್ಟು ಚುಕ್ಕಿ ಮುಂದೆ, ಅಣಬೆ ಇಷ್ಟು ಚುಕ್ಕಿ ಹಿಂದೆ, ಮ್ಯೂಸಿಕ್ ಒಂದು ಹೆಜ್ಜೆ ಮುಂದೆ. ಹಾಗಾಗಿ 60ಕ್ಕೆ ಬರೆದ ಆಟವನ್ನು 50ರ ಸೆಟ್‌ನಲ್ಲಿ ಹಾಕಿದರೆ ಎಲ್ಲವೂ ಆರರಲ್ಲಿ ಒಂದು ಪಾಲು ನಿಧಾನ. ಮಾರಿಯೋ, ಆಮೆ, ಬೆಂಕಿ ಉಂಡೆ, ಹಾಡು ಎಲ್ಲ ಒಟ್ಟಿಗೇ ನಿಧಾನ ಆಗುವುದರಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಯುರೋಪಿಗೆ ಕಳಿಸಿದ ಮಾರಿಯೋ ಕ್ಯಾಸೆಟ್ಟಿನಲ್ಲಿ ನಿಂಟೆಂಡೊದವರೇ ಈ ವೇಗವನ್ನು ತಿದ್ದಿದ್ದರು. ನಮ್ಮ ಹಳದಿ ಕ್ಯಾಸೆಟ್‌ಗಳನ್ನು ಯಾರು ತಿದ್ದುತ್ತಾರೆ? ಜಪಾನ್, ಅಮೆರಿಕದ ಆಟವನ್ನೇ ಹಾಗೇ ನಕಲು ಮಾಡಿ ತುಂಬುತ್ತಿದ್ದರು.

ನಿನ್ನ ಅಣ್ಣನ ಮಗ ಹಾಕಿದ್ದು 60ರ ಆಟ. ನೀನು ಕಲಿತದ್ದು 50ರಲ್ಲಿ. 50ರಿಂದ 60ಕ್ಕೆ ಹೋದರೆ ಶೇಕಡಾ 20ರಷ್ಟು ವೇಗ ಜಾಸ್ತಿ. ಒಂದು ತಾಳೆ ನೋಡುವ ದಾರಿ ಹೇಳುತ್ತೇನೆ. ಮೊದಲ ಹಂತದಲ್ಲಿ ಟೈಮ್ 400ರಿಂದ ಶುರುವಾಗುತ್ತದೆ ಅಲ್ವಾ? ಅದು ಸೆಕೆಂಡ್ ಅಲ್ಲ. ಪರದೆ 24 ಸಲ ಬರೆದಾಗ ಒಂದು ಅಂಕಿ ಇಳಿಯುತ್ತದೆ. 400ಕ್ಕೆ 9600 ಪರದೆ. 60ರಲ್ಲಿ ಅದು 160 ಸೆಕೆಂಡ್, ಅಂದರೆ 2 ನಿಮಿಷ 40 ಸೆಕೆಂಡ್. 50ರಲ್ಲಿ 192 ಸೆಕೆಂಡ್, 3 ನಿಮಿಷ 12 ಸೆಕೆಂಡ್. ಮಾರಿಯೋನನ್ನು ಶುರುವಿನ ಜಾಗದಲ್ಲೇ ನಿಲ್ಲಿಸಿ ಮೊಬೈಲಿನಲ್ಲಿ ಟೈಮ್ ನೋಡಿ, ಗೊತ್ತಾಗುತ್ತದೆ.

ಇನ್ನು ಸರಿಪಡಿಸುವ ದಾರಿ. ಮೆಸೆನ್, ಎಫ್‌ಸಿಇಯುಎಕ್ಸ್ ಇಂಥ ಎಮ್ಯುಲೇಟರ್‌ಗಳಲ್ಲಿ ರೀಜನ್ ಅನ್ನುವ ಆಯ್ಕೆ ಇದೆ. ಅದರಲ್ಲಿ ಎನ್‌ಟಿಎಸ್‌ಸಿ, ಪಾಲ್, ಡೆಂಡಿ ಅಂತ ಮೂರು ಇರುತ್ತವೆ. ಪಾಲ್ ಬೇಡ. ಡೆಂಡಿ ಒತ್ತು. ಯಾಕೆ ಅಂದರೆ, ನಿಂಟೆಂಡೊದ ಯುರೋಪ್ ಸೆಟ್‌ನಲ್ಲಿ ಪರದೆಯ ಜೊತೆ ಒಳಗಿನ ಚಿಪ್ಪಿನ ವೇಗವೂ ಇಳಿದಿತ್ತು. ಅದರಲ್ಲಿ ಹಾಡು ನಿಧಾನವಾಗುವುದಲ್ಲದೆ ಸ್ವರವೂ ಇಳಿಯುತ್ತದೆ. ನಮಗೆ ಬಂದ ಸೆಟ್‌ಗಳಲ್ಲಿ ನಾನು ಬಿಚ್ಚಿ ನೋಡಿದ್ದು ತೈವಾನಿನ ಯುಎಂಸಿ ಕಂಪನಿಯ ಚಿಪ್‌ಗಳು, ಯುಎ6527ಪಿ ಮತ್ತು ಯುಎ6538. ಅವರು ಪರದೆಯನ್ನು 50ಕ್ಕೆ ಇಳಿಸಿದರೂ ಚಿಪ್ಪಿನ ವೇಗವನ್ನು ಹೆಚ್ಚುಕಡಿಮೆ ಜಪಾನಿನಷ್ಟೇ ಇಟ್ಟಿದ್ದರು. ನಕಲು ಕ್ಯಾಸೆಟ್‌ಗಳು ಕೈಕೊಡದೆ ಓಡಲಿ ಅಂತ. ಅದರಿಂದ ತಾಳ ನಿಧಾನ, ಸ್ವರ ಮಾತ್ರ ಮೂಲದ್ದೇ. ರಷ್ಯಾದಲ್ಲಿ 1992ರಲ್ಲಿ ಸ್ಟೀಪ್ಲರ್ ಅನ್ನುವ ಕಂಪನಿ ಇಂಥದೇ ಸೆಟ್ಟನ್ನು ಡೆಂಡಿ ಅನ್ನುವ ಹೆಸರಲ್ಲಿ ಮಾರಿತು. ಅದು ಅಲ್ಲಿ ಮನೆಮಾತಾಯಿತು. ಆ ಹೆಸರೇ ಎಮ್ಯುಲೇಟರ್‌ಗಳಲ್ಲಿ ಉಳಿದಿದೆ.

ಮೈಸೂರಿನ ಒಂಟಿಕೊಪ್ಪಲಿನವರು ಹೇಳಿದ ಗೇಮ್ ಮೋಡ್ ಮಾತೂ ಸರಿ. ಎರಡನ್ನೂ ಮಾಡು.

ಹುಬ್ಳಿ_ಟ್ಯಾಂಕ್:

ಭಟ್ರ, ಭಾಳ ಛಲೋ ಹೇಳಿದ್ರಿ. ನನಗೂ ಇದೇ ಅನುಭವ ಆಗಿತ್ತು, ಕಾರಣ ಇವತ್ತು ಗೊತ್ತಾಯಿತು.

ನಮ್ಮ ಮಾಮಾ ದುರ್ಗದಬೈಲಿನ ಹತ್ತಿರ ಒಂದು ಸಣ್ಣ ಖೋಲಿಯಲ್ಲಿ ಗೇಮ್ ಅಂಗಡಿ ಇಟ್ಟಿದ್ದರು. ತಾಸಿನ ಲೆಕ್ಕದಲ್ಲಿ ರೊಕ್ಕ. ಗೋಡೆಯ ಉದ್ದಕ್ಕೂ ಪೋರ್ಟಬಲ್ ಟಿವಿಗಳು, ಕೆಳಗೆ ಚಾಪೆ. ಮಾಮಾನ ಹತ್ತಿರ ಒಂದು ಅಲಾರಂ ಗಡಿಯಾರ ಇತ್ತು. ಅದು ಬಾರಿಸಿತು ಅಂದರೆ ನೀವು ಬಾಸ್ ಮುಂದೆ ನಿಂತಿದ್ದರೂ ಏಳಬೇಕು. ಒಬ್ಬ ಹುಡುಗ ಕಾಂಟ್ರಾದ ಕೊನೇ ಹಂತದಲ್ಲಿ ಇದ್ದಾಗ ಗಡಿಯಾರ ಬಾರಿಸಿತು. ಖೋಲಿಯಲ್ಲಿದ್ದವರೆಲ್ಲ ಚಿಲ್ಲರೆ ಕೂಡಿಸಿ ಅವನಿಗೆ ಮತ್ತೊಂದು ತಾಸು ಕೊಡಿಸಿದರು! ಅವನು ಮುಗಿಸಿದ. ನಾವೆಲ್ಲ ಕುಣಿದೆವು. ಮಾಮಾ ಆ ರೊಕ್ಕ ವಾಪಸ್ ಕೊಟ್ಟರು ಅನ್ನೋದನ್ನೂ ಹೇಳಲೇಬೇಕು.

ಕಾಂಟ್ರಾದ ಮಂತ್ರ ಇಲ್ಲಿ ಯಾರಿಗೆ ಮರೆತಿದೆ ಹೇಳಿ ನೋಡೋಣ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್. ಮೂವತ್ತು ಜೀವ. ಇದನ್ನು ಮೊದಲು ಮಾಡಿದವರು ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ. ಕಾಂಟ್ರಾಕ್ಕಿಂತ ಮೊದಲು, 1986ರಲ್ಲಿ ಗ್ರೇಡಿಯಸ್ ಆಟವನ್ನು ಈ ಸೆಟ್‌ಗೆ ತರುವಾಗ. ಆಟ ಅವರಿಗೇ ಬಹಳ ಕಷ್ಟವಾಗಿತ್ತು, ಪರೀಕ್ಷೆ ಮಾಡೋಕೆ ಅಂತ ಈ ಗುಟ್ಟಿನ ಕೀಲಿ ಇಟ್ಟುಕೊಂಡರು. ಅದು ಆಟದಲ್ಲೇ ಉಳಿಯಿತು. ಅವರು 2020ರಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ನಮ್ಮ ಹಳೇ ಖೋಲಿಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಬಾಣದ ಗುರುತುಗಳನ್ನೇ ಹಾಕಿದರು. ಬೇರೆ ಮಾತು ಯಾರೂ ಬರೆಯಲಿಲ್ಲ.

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ, ನನ್ನ ಆಟ ಟ್ಯಾಂಕ್. ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿಯದು, 1985. ಕೆಳಗೆ ಹದ್ದಿನ ಗುರುತು, ಅದನ್ನು ಕಾಯಬೇಕು. ಇಬ್ಬರು ಒಟ್ಟಿಗೆ ಆಡಬಹುದು, ಆದರೆ ಜೊತೆಗಾರನಿಗೆ ಗುಂಡು ತಾಗಿದರೆ ಅವನು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲುತ್ತಾನೆ. ನನ್ನ ತಮ್ಮ ಇದನ್ನು ಕಲಿತ ದಿನದಿಂದ ಶತ್ರುಗಳಿಗಿಂತ ನನ್ನ ಮೇಲೇ ಅವನಿಗೆ ಕಣ್ಣು. ಸ್ಟಾರ್ ಎಲ್ಲಿ ಬಿದ್ದರೂ ಮೊದಲು ನನ್ನನ್ನು ನಿಲ್ಲಿಸಿ, ಆಮೇಲೆ ಅದನ್ನು ತೆಗೆದುಕೊಳ್ಳುತ್ತಿದ್ದ. ಮೂರು ಸ್ಟಾರ್ ಆದರೆ ಕಬ್ಬಿಣದ ಗೋಡೆಯೂ ಒಡೆಯುತ್ತಿತ್ತಲ್ಲ, ಅದಕ್ಕೇ.

ಆ ಆಟದಲ್ಲಿ ಕನ್‌ಸ್ಟ್ರಕ್ಷನ್ ಅಂತ ಒಂದು ಇತ್ತು, ನೆನಪಿದೆಯಾ? ನಮ್ಮದೇ ಮೈದಾನ ಕಟ್ಟಬಹುದು. ಇಟ್ಟಿಗೆ, ಕಬ್ಬಿಣ, ನೀರು, ಮರ ಎಲ್ಲ ನಮಗೆ ಬೇಕಾದಲ್ಲಿ. ಆದರೆ ಸೇವ್ ಮಾಡೋಕೆ ಬರುವುದಿಲ್ಲ. ಕರೆಂಟ್ ಹೋದರೆ ಎಲ್ಲ ಹೋಯಿತು, ಮತ್ತೆ ಆಗ ಕರೆಂಟ್ ಹೋಗದ ದಿನ ಎಲ್ಲಿತ್ತು? ಅದಕ್ಕೆ ನಾನು ಗಣಿತದ ಗ್ರಾಫ್ ಪುಸ್ತಕದಲ್ಲಿ 13 ಚೌಕ ಅಗಲ, 13 ಚೌಕ ಎತ್ತರ ಗೆರೆ ಹಾಕಿ ಎಲ್ಲವನ್ನೂ ಬರೆದಿಡುತ್ತಿದ್ದೆ. ಆಟದ ಮೈದಾನವೂ ಅಷ್ಟೇ ಇತ್ತು. ನೀರಿಗೆ ನೀಲಿ ಪೆನ್ಸಿಲ್, ಮರಕ್ಕೆ ಹಸಿರು. ಸರ್ ಒಂದಿನ ಪುಸ್ತಕ ತೆಗೆದು ನೋಡಿ, "ಇದು ಯಾವ ಊರಿನ ನಕ್ಷೆ?" ಅಂತ ಕೇಳಿದರು. ನಾನು ಪೂರ್ತಿ ವಿವರಿಸಿದೆ. ಹದ್ದು ಎಲ್ಲಿದೆ, ಶತ್ರು ಯಾವ ಮೂರು ಕಡೆಯಿಂದ ಬರುತ್ತಾರೆ, ಎಲ್ಲ. ಅವರು ಗಮನವಿಟ್ಟು ಕೇಳಿ, ಎಡಗಡೆ ಗೋಡೆ ದುರ್ಬಲ ಇದೆ, ಅಲ್ಲಿ ಇನ್ನೊಂದು ಸಾಲು ಕಟ್ಟು ಅಂದರು. ಕಟ್ಟಿದೆ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಹೋದ ದೀಪಾವಳಿಗೆ ಮಗನ ಜೊತೆ ಕೂತು ಅದರಲ್ಲಿದ್ದ ಮೈದಾನ ಒಂದೊಂದಾಗಿ ಮತ್ತೆ ಕಟ್ಟಿ ಆಡಿದೆವು.

ಸುರತ್ಕಲ್_386:

ಟಿವಿ ಗೇಮ್ ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನದು ಕಂಪ್ಯೂಟರ್ ಆಟಗಳ ಬಾಲ್ಯ. ಆದರೆ ಕಥೆ ಅದೇ. ವಿಂಡೋಸಿಗೆ ಮುಂಚಿನ ಡಾಸ್ ಕಾಲದ ಎಷ್ಟೋ ಆಟಗಳು ಪ್ರೊಸೆಸರ್ ಎಷ್ಟು ವೇಗ ಇದೆಯೋ ಅಷ್ಟು ವೇಗದಲ್ಲಿ ಓಡುತ್ತಿದ್ದವು. ಹೊಸ ಕಂಪ್ಯೂಟರ್ ಬಂದರೆ ಹಳೇ ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಆಗಿನ ಕ್ಯಾಬಿನೆಟ್ ಮೇಲೆ ಟರ್ಬೋ ಅಂತ ಒಂದು ಬಟನ್ ಇರುತ್ತಿತ್ತಲ್ಲ, ಅದರ ನಿಜವಾದ ಉಪಯೋಗ ವೇಗ ಇಳಿಸಿ ಹಳೇ ಪ್ರೋಗ್ರಾಂ ಓಡಿಸೋದು. ಈಗ ಆ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. ನಾನು ಮೊದಲ ಆಟಕ್ಕೆ ಮುಂಚೆ ಒಂದೆರಡು ನಿಮಿಷ ಬರೀ ಇದನ್ನೇ ಒತ್ತುತ್ತಾ ಕೂರುತ್ತೇನೆ. ಸರಿಯಾದ ವೇಗ ಸಿಕ್ಕಿದ ತಕ್ಷಣ ಕೈಗೆ ಗೊತ್ತಾಗಿಬಿಡುತ್ತದೆ.

ಪ್ರಿನ್ಸ್ ಆಫ್ ಪರ್ಷಿಯಾ ಆಡಿದವರು ಯಾರಾದರೂ ಇದ್ದೀರಾ? 1989ರ ಆಟ. ಅದರ ಓಟ, ಜಿಗಿತ ಅಷ್ಟು ನಿಜ ಅನ್ನಿಸಲು ಕಾರಣ, ಅದನ್ನು ಮಾಡಿದ ಜೋರ್ಡಾನ್ ಮೆಕ್ನರ್ ತಮ್ಮ ತಮ್ಮನನ್ನೇ ಓಡಿಸಿ, ಜಿಗಿಸಿ, ವಿಡಿಯೋ ತೆಗೆದು ಅದರ ಮೇಲೆ ಚಿತ್ರ ಬರೆದದ್ದು. ಬಿಳಿ ಬಟ್ಟೆಯ ಆ ಹುಡುಗ ಅಂಚಿನಲ್ಲಿ ಎರಡು ಕೈಯಲ್ಲಿ ಜೋತುಬಿದ್ದಾಗ ನನ್ನ ಭುಜ ಈಗಲೂ ಬಿಗಿಯಾಗುತ್ತದೆ.

ತಿಪಟೂರಿನವಳು:

ಭಟ್ರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ! ಡೆಂಡಿ ಹಾಕಿದೆವು.

ಮೊದಲು ಹುಡುಗ ನಂಬಲಿಲ್ಲ. ನೀವು ಹೇಳಿದ ಹಾಗೆ ಮಾರಿಯೋನನ್ನು ನಿಲ್ಲಿಸಿ ಮೊಬೈಲ್ ಹಿಡಿದು ಕೂತ. ಎನ್‌ಟಿಎಸ್‌ಸಿಯಲ್ಲಿ 2 ನಿಮಿಷ 40 ಸೆಕೆಂಡಿಗೆ ಟೈಮ್ ಅಪ್. ಡೆಂಡಿಯಲ್ಲಿ 3 ನಿಮಿಷ 12 ಸೆಕೆಂಡ್. ಅವನ ಮುಖ ನೋಡಬೇಕಿತ್ತು. "ಅಜ್ಜಿ, ನಿಮ್ಮ ಕಿವಿಯಲ್ಲಿ ಸ್ಟಾಪ್‌ವಾಚ್ ಇದೆಯಾ?" ಅಂತ ಅಮ್ಮನನ್ನು ತಬ್ಬಿಕೊಂಡ.

ನಾನು ಆಡಿದೆ. ಗುಂಡಿ ದಾಟಿದೆ. ಮೆಟ್ಟಿಲು ಹತ್ತಿ ಬಾವುಟದ ಕಂಬದ ತುದಿಗೆ ಜಿಗಿದೆ. ಬೆರಳು ತಾನಾಗಿಯೇ ಎಲ್ಲ ಮಾಡುತ್ತಾ ಹೋಯಿತು, ನಾನು ಯೋಚಿಸಲೇ ಇಲ್ಲ. ಆಮೇಲೆ ಅಮ್ಮನ ಕೈಗೆ ಜಾಯ್‌ಸ್ಟಿಕ್ ಕೊಟ್ಟೆವು. ಬೇಡ ಬೇಡ ಅನ್ನುತ್ತಲೇ ಕನ್ನಡಕ ಹಾಕಿಕೊಂಡು ಬಂದು ಕೂತಳು. ಅಮ್ಮ ಈಗಲೂ ಜಿಗಿಯುವಾಗ ಜಾಯ್‌ಸ್ಟಿಕ್ ಸಮೇತ ಕೈ ಎರಡನ್ನೂ ಮೇಲೆತ್ತುತ್ತಾಳೆ! ಕಂಬ ಹಿಡಿಯುವ ಮುಂಚೆ ಒಂದು ಕ್ಷಣ ನಿಂತಳು. ಯಾಕೆ ಅಂತ ಹುಡುಗ ಕೇಳಿದ. "ಟೈಮಿನ ಕೊನೇ ಅಂಕಿ ಒಂದು, ಮೂರು, ಇಲ್ಲಾ ಆರು ಇರಬೇಕು. ಆಗ ಪಟಾಕಿ ಹೊಡಿತಾರೆ" ಅಂದಳು. ಆರಕ್ಕೆ ಹಿಡಿದಳು. ಆರು ಪಟಾಕಿ ಹೊಡೆಯಿತು. ಇದು ನನಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂತು ಅಮ್ಮ ಇನ್ನೂ ಏನೇನು ಕಂಡುಹಿಡಿದಿದ್ದಾಳೋ!

ಒಂದೇ ಒಂದು ಮಾತು ಉಳಿದಿದೆ. ವೇಗ ಸರಿ ಹೋಯಿತು, ಆದರೆ ಅಮ್ಮ "ದನಿ ಇನ್ನೂ ನಮ್ಮದಲ್ಲ" ಅನ್ನುತ್ತಿದ್ದಾಳೆ. ನಮ್ಮದು ಸ್ವಲ್ಪ ಬೇರೆ ಥರ ಇತ್ತಂತೆ. ಇದಕ್ಕೂ ಏನಾದರೂ ಕಾರಣ ಇದೆಯಾ ಭಟ್ರೇ? ಅಥವಾ ಟಿವಿಯ ಸ್ಪೀಕರ್ ವ್ಯತ್ಯಾಸವಾ?

ಬೆಸುಗೆ_ಭಟ್ಟ, ಶಿರಸಿ:

ಅಬ್ಬಾ! ನಿನ್ನ ಅಮ್ಮನನ್ನು ನನ್ನ ಅಂಗಡಿಗೆ ಕರೆದುಕೊಂಡು ಬಂದಿದ್ದರೆ ಆಗಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಸ್ಪೀಕರ್ ಸ್ವಲ್ಪ ಕಾರಣ ಇರಬಹುದು. ಆದರೆ ಗಟ್ಟಿ ಕಾರಣ ಇನ್ನೊಂದಿದೆ. ಈ ಸೆಟ್‌ನಲ್ಲಿ ರಾಗ ನುಡಿಸುವ ಎರಡು ದನಿಗಳು ಚೌಕಾಕಾರದ ಅಲೆಗಳು. ಅಲೆ ಒಂದು ಸುತ್ತಿನಲ್ಲಿ ಎಷ್ಟು ಹೊತ್ತು ಮೇಲೆ ಇರುತ್ತದೆ ಅನ್ನುವುದರ ಮೇಲೆ ದನಿಯ ಬಣ್ಣ ಬದಲಾಗುತ್ತದೆ. ಕಾಲು ಭಾಗ ಮೇಲಿದ್ದರೆ ತೆಳ್ಳಗೆ, ಚೂಪಾಗಿ ಕೇಳುತ್ತದೆ. ಅರ್ಧ ಭಾಗ ಮೇಲಿದ್ದರೆ ದುಂಡಗೆ, ಟೊಳ್ಳಾಗಿ. ನಕಲು ಮಾಡಿದ ಹಲವು ಚಿಪ್‌ಗಳಲ್ಲಿ ಈ ಎರಡು ಅದಲುಬದಲಾಗಿದ್ದವು. ಕಾಲು ಕೇಳಿದರೆ ಅರ್ಧ, ಅರ್ಧ ಕೇಳಿದರೆ ಕಾಲು. ಸ್ವರ ಅದೇ, ತಾಳ ಅದೇ, ದನಿ ಮಾತ್ರ ಬೇರೆ. ಜಪಾನಿನ ಕೊಜಿ ಕೊಂಡೊ ಬರೆದ ರಾಗವೇ ತಿಪಟೂರಿನಲ್ಲಿ ಬೇರೆ ವಾದ್ಯದಲ್ಲಿ ನುಡಿಯಿತು ಅಂದುಕೋ. ಅದನ್ನೇ ಕೇಳಿ ಬೆಳೆದವರಿಗೆ ಮೂಲದ್ದೇ ತಪ್ಪಾಗಿ ಕೇಳುತ್ತದೆ.

ಮೆಸೆನ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕು. ಡ್ಯೂಟಿ ಸೈಕಲ್, ಅಂದರೆ ಈ ಕಾಲು-ಅರ್ಧದ ಪಾಲು, ಅದಲುಬದಲು ಮಾಡುವ ಒಂದು ಟಿಕ್ ಇದೆ, ಹಳೇ ನಕಲು ಸೆಟ್‌ಗಳ ದನಿಗಾಗಿಯೇ ಇಟ್ಟದ್ದು. ಎಫ್‌ಸಿಇಯುಎಕ್ಸ್‌ನಲ್ಲೂ ಇದೆ. ಹಾಕಿ, ಏನೂ ಹೇಳದೆ ಅಮ್ಮನಿಗೆ ಕೇಳಿಸು. ಏನಂದರು ಅಂತ ಇಲ್ಲಿ ಬರೆ.

ತಿಪಟೂರಿನವಳು:

ಹಾಕಿದೆ, ಏನೂ ಹೇಳಲಿಲ್ಲ. ಅಮ್ಮ ತುಳಸಿಗೆ ನೀರು ಹಾಕುತ್ತಿದ್ದಳು. "ಹ್ಞಾಂ, ಇದು" ಅಂದಳು, ಅಷ್ಟೇ.

ಮಸ್ಕತ್‌ನಿಂದ_ಉಡುಪಿ:

ನನ್ನದೂ ಒಂದು ಪ್ರಶ್ನೆ ಇಲ್ಲೇ ಕೇಳಿಬಿಡುತ್ತೇನೆ ಭಟ್ರೇ. ಹೋದ ಸಲ ಊರಿಗೆ ಬಂದಾಗ ಅಟ್ಟದಲ್ಲಿ ನಮ್ಮ ಹಳೇ ಸೆಟ್ ಸಿಕ್ಕಿತು, ಗನ್ ಸಮೇತ. ಆಶ್ಚರ್ಯ ಅಂದರೆ ಸೆಟ್ ಆನ್ ಆಯಿತು. ಎಲ್‌ಸಿಡಿ ಟಿವಿಗೆ ಹಾಕಿದರೆ ಚಿತ್ರ ಬಂತು, ಜಾಯ್‌ಸ್ಟಿಕ್ ಕೆಲಸ ಮಾಡಿತು. ಆದರೆ ಡಕ್ ಹಂಟ್‌ನಲ್ಲಿ ಗನ್ ಒಂದು ಬಾತುಕೋಳಿಗೂ ತಾಗಲಿಲ್ಲ. ಪರದೆಗೆ ಮುಟ್ಟಿಸಿ ಹೊಡೆದರೂ ಇಲ್ಲ. ಆ ನಾಯಿ ಹುಲ್ಲಿನಿಂದ ಎದ್ದು ಮೊದಲಿನ ಹಾಗೇ ನಗುತ್ತಿತ್ತು. ಗನ್ ಹಾಳಾಗಿದೆಯಾ?

ಈ ಆಟ ನನಗೆ ಬಹಳ ಮುಖ್ಯ. ನಮ್ಮಕ್ಕ ಮದುವೆಯಾಗಿ ಹೋಗುವ ಹಿಂದಿನ ವಾರ ಒಂದು ಗುಟ್ಟು ಹೇಳಿದಳು. ಚಿಕ್ಕವನಿದ್ದಾಗ ನಾನು ಗನ್ ಹಿಡಿದು ನಿಂತರೆ ಅವಳು ಹಿಂದೆ ಜಾಯ್‌ಸ್ಟಿಕ್ ಮಡಿಲಲ್ಲಿ ಇಟ್ಟುಕೊಂಡು ಸುಮ್ನೆ ಕೂರುತ್ತಿದ್ದಳು. ಒಂದೇ ಬಾತುಕೋಳಿಯ ಆಟದಲ್ಲಿ ಜಾಯ್‌ಸ್ಟಿಕ್ ಒತ್ತಿದರೆ ಬಾತುಕೋಳಿ ನಾವು ಹೇಳಿದ ಕಡೆ ಹಾರುತ್ತದಂತೆ! ನನ್ನ ಮೇಲೆ ಸಿಟ್ಟಿದ್ದ ದಿನ ಬಾತುಕೋಳಿಯನ್ನು ಅತ್ತಿತ್ತ ಓಡಿಸಿ ತಪ್ಪಿಸುತ್ತಿದ್ದಳು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ನಾನು ಅಳುತ್ತಿದ್ದ ದಿನ ಅದನ್ನು ನೇರ ನನ್ನ ಗನ್ನಿನ ಮುಂದೆ ತಂದು ನಿಲ್ಲಿಸಿದ್ದಳಂತೆ. ಈ ಸಲ ಅಕ್ಕನ ಮಕ್ಕಳು ಬಂದಾಗ ಇದನ್ನು ಆಡಲೇಬೇಕು.

ಬೆಸುಗೆ_ಭಟ್ಟ, ಶಿರಸಿ:

ನಿನ್ನ ಅಕ್ಕ ಹೇಳಿದ್ದು ನಿಜ ಮಾರಾಯಾ. ಆ ಆಟದಲ್ಲಿ ಹಾಗೆ ಮಾಡಬಹುದು.

ಗನ್ ಹಾಳಾಗಿಲ್ಲ ಅನ್ನಿಸುತ್ತದೆ. ಟಿವಿ ಬೇರೆ ಆಗಿದೆ ಅಷ್ಟೇ. ಆ ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ, ಒಳಗೆ ಬೆಳಕು ಬರುತ್ತದೆ. ಅದು ಒಂದು ಕಣ್ಣು. ಟ್ರಿಗರ್ ಒತ್ತಿದ ತಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಎರಡು ಬಾತುಕೋಳಿ ಇದ್ದರೆ ಚೌಕಗಳು ಒಂದಾದ ಮೇಲೊಂದು ಬರುತ್ತವೆ, ಯಾವುದಕ್ಕೆ ತಾಗಿತು ಅಂತ ಗೊತ್ತಾಗಲಿ ಎಂದು. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಎಲ್‌ಸಿಡಿ ಚಿತ್ರವನ್ನು ತಡ ಮಾಡಿ ತೋರಿಸುತ್ತದೆ, ಬಿಳಿ ಚೌಕ ಬರುವ ಹೊತ್ತಿಗೆ ಸೆಟ್ "ಬೆಳಕು ಕಂಡಿತಾ" ಅಂತ ಗನ್ನನ್ನು ಕೇಳುವುದನ್ನು ನಿಲ್ಲಿಸಿರುತ್ತದೆ. ಜೊತೆಗೆ ಹಳೇ ಟ್ಯೂಬ್ ಟಿವಿಯ ಬೆಳಕು ಗೆರೆ ಗೆರೆಯಾಗಿ ಮಿನುಗುತ್ತದೆ, ಗನ್ ಹುಡುಕುವುದು ಆ ಮಿನುಗನ್ನೇ. ಎಲ್‌ಸಿಡಿಯಲ್ಲಿ ಅದು ಇಲ್ಲ.

ನಿನಗೆ ಬೇಕಾದದ್ದು ಒಂದು ಟ್ಯೂಬ್ ಟಿವಿ. 14 ಇಂಚಿನ ಪೋರ್ಟಬಲ್ ಸಾಕು. ಊರಲ್ಲಿ ರಿಪೇರಿ ಅಂಗಡಿಗಳಲ್ಲಿ, ಗುಜರಿಯಲ್ಲಿ ಕೇಳು, ಇನ್ನೂ ಸಿಗುತ್ತವೆ. ಹಿಂದೆ ಅಥವಾ ಮುಂದೆ ಹಳದಿ ಎವಿ ಜ್ಯಾಕ್ ಇರುವುದನ್ನೇ ತೆಗೆದುಕೋ. ಇಲ್ಲದಿದ್ದರೆ ಆಂಟೆನಾ ಸಾಕೆಟ್ಟಿಗೆ ಹಾಕಿ ವಿಎಚ್‌ಎಫ್‌ನ ಕೆಳಗಿನ ಚಾನೆಲ್‌ಗಳಲ್ಲಿ ಟ್ಯೂನ್ ಮಾಡಬೇಕಾಗುತ್ತದೆ, ಅದಕ್ಕೆ ತಾಳ್ಮೆ ಬೇಕು. ತರುವ ಮುಂಚೆ ಅಂಗಡಿಯಲ್ಲೇ ಸ್ವಲ್ಪ ಹೊತ್ತು ಓಡಿಸಿ ನೋಡು, ಬಿಸಿಯಾದ ಮೇಲೆ ಚಿತ್ರ ಕುಗ್ಗುತ್ತಿದ್ದರೆ ಬೇಡ ಅನ್ನು.

ಕ್ಯಾಸೆಟ್ಟಿಗೆ ಊದಬೇಡ. ನಾವೆಲ್ಲ ಊದಿದ್ದೇವೆ, ಆದರೆ ಕೆಲಸ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಉಸಿರಿನ ತೇವಕ್ಕೆ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕು.

ಮತ್ತೆ ಒಂದು ಮಾತು, ಇದನ್ನು ಎಲ್ಲರೂ ಓದಿ. ಹಳೇ ಟ್ಯೂಬ್ ಟಿವಿಯ ಹಿಂದಿನ ಡಬ್ಬವನ್ನು ಯಾರೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಒಳಗೆ ಏನಾದರೂ ಕೆಲಸ ಇದ್ದರೆ ಊರಿನ ಹಳೇ ಮೆಕ್ಯಾನಿಕ್‌ಗೆ ಕೊಡಿ. ಉಡುಪಿಯಿಂದ ಶಿರಸಿಗೆ ತರುವುದಾದರೆ ನಾನೇ ನೋಡಿಕೊಡುತ್ತೇನೆ. ಗನ್ನನ್ನೂ ತಾ, ಒಳಗಿನ ಲೆನ್ಸಿಗೆ ಬೂಷ್ಟು ಹಿಡಿದಿರುತ್ತದೆ.